ಗೆರೆ ಸರಿ ಇದೆ, ಆದರೂ ಹಿಂದಿನ ಗಾಲಿ ಓರೆ ಯಾಕೆ?

ಪ್ರಶ್ನೆ: ನಮಸ್ಕಾರ ಅಣ್ಣಾ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ದಿನಾ ಗಾಡಿ ಮೇಲೆ ಓಡಾಡುತ್ತೇನೆ. 100 ಸಿಸಿ ಗಾಡಿ, ಹಿಂದೆ ಡ್ರಮ್ ಬ್ರೇಕು. ಚೈನ್ ಸಡಿಲಾಗಿತ್ತು ಅಂತ ಮನೆಯಲ್ಲೇ ಬಿಗಿ ಮಾಡಿದೆ. ಹಿಂದಿನ ಎಕ್ಸೆಲ್ (ಗಾಲಿಯ ಅಚ್ಚು) ಹಿಂದೆ-ಮುಂದೆ ಸರಿಸೋ ಅಡ್ಜಸ್ಟರ್ ಎರಡೂ ಬದಿ ಒಂದೇ ಗೆರೆಗೆ ನಿಂತಿದೆ. ಆದರೂ ಗಾಡಿ ಒಂದು ಕಡೆ ಎಳೆಯುತ್ತದೆ, ಚೈನ್ ಕಿರ್ ಕಿರ್ ಅನ್ನುತ್ತದೆ. ಗೆರೆ ಸರಿ ಇದ್ದ ಮೇಲೆ ಗಾಲಿ ನೇರ ಇರಬೇಕಲ್ವಾ?

ಉತ್ತರ: ಇರಬೇಕು ತಮ್ಮಾ, ಆದರೆ ಎಷ್ಟೋ ಗಾಡಿಗಳಲ್ಲಿ ಇರೋದಿಲ್ಲ. ಆ ಗೆರೆ ಅಂದಾಜಿಗೆ ಮಾತ್ರ. ಅಡ್ಜಸ್ಟರ್ ಸ್ವಲ್ಪ ಬಗ್ಗಿದ್ದರೂ ಸಾಕು, ಗೆರೆ ಒಂದೇ ತೋರಿಸುತ್ತದೆ, ಗಾಲಿ ಓರೆ ಕೂತಿರುತ್ತದೆ.

ಟೇಪು ಹಿಡಿದು ಅಳೆ. ಚಾಸಿಗೆ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಗಾಲಿ ಹಿಡಿದಿರೋ ಕವಲು, ಕೂಡಿಸಿದ ಉದ್ದ ಬೋಲ್ಟ್ ಇದೆಯಲ್ಲ, ಅದು ಜಾಗ ಬಿಟ್ಟು ಕದಲೋದಿಲ್ಲ. ಅದರ ನಡುವಿನಿಂದ ಹಿಂದಿನ ಎಕ್ಸೆಲ್ ನಡುವಿನವರೆಗೆ ಎಷ್ಟಿದೆ ನೋಡು. ಎಡ, ಬಲ ಎರಡೂ ಒಂದೇ ಬರಬೇಕು. ಒಂದು ಬದಿ ಬೋಲ್ಟಿನ ತಲೆ, ಇನ್ನೊಂದು ಬದಿ ನಟ್ ಇರುತ್ತದೆ. ಅಂಚಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಡಬಲ್ ಸ್ಟ್ಯಾಂಡ್ ಹಾಕಿ ಎಕ್ಸೆಲ್ ನಟ್ ಸಡಿಲ ಮಾಡು. ಚೈನ್ ಬದಿ ಸ್ಲೀವ್ ನಟ್ (ಎಕ್ಸೆಲ್ ನಟ್ ಒಳಗಿರೋ ದೊಡ್ಡ ನಟ್) ಇದ್ದರೆ ಅದನ್ನೂ ಸಡಿಲ ಮಾಡಬೇಕು. ಬಹಳ ಜನ ಅದನ್ನು ಹಾಗೇ ಬಿಟ್ಟು ಅಡ್ಜಸ್ಟರ್ ತಿರುಗಿಸುತ್ತಾರೆ, ಗಾಲಿ ಓರೆಯಾಗೋದು ಅಲ್ಲೇ. ಚೈನ್ ಬದಿಯ ಅಡ್ಜಸ್ಟರ್‌ನಿಂದ ಚೈನ್ ಹದ ಮಾಡು, ಇನ್ನೊಂದು ಬದಿಯದರಿಂದ ಗಾಲಿ ನೇರ ಮಾಡು. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡ.

ನಟ್ ಬಿಗಿ ಮಾಡುವಾಗಲೂ ಗಾಲಿ ಸರಿಯುತ್ತದೆ. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಮತ್ತು ಚೈನ್ ನಡುವೆ ಅರಿವೆ ಸುತ್ತಿ ಇಟ್ಟು, ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸು. ಅರಿವೆ ಸಿಕ್ಕಿಕೊಂಡು ಚೈನ್ ಎಕ್ಸೆಲ್ಲನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ. ಆಗ ನಟ್ ಬಿಗಿ ಮಾಡು. ಬೆರಳು ಮಾತ್ರ ಹತ್ತಿರ ಇಡಬೇಡ. ಆಮೇಲೆ ಇನ್ನೊಮ್ಮೆ ಅಳೆ.

ಚೈನ್ ಕವರ್ ತೆಗೆದು ಸ್ಪ್ರಾಕೆಟ್ ಹಲ್ಲನ್ನೂ ನೋಡು. ಹಲ್ಲಿನ ಒಂದೇ ಪಕ್ಕ ತಿಕ್ಕಿ ಹೊಳೆಯುತ್ತಿದ್ದರೆ ಗಾಲಿ ಬಹಳ ದಿನದಿಂದ ಓರೆ ಓಡಿದೆ ಅಂತಲೇ ಅರ್ಥ.

ಪ್ರಶ್ನೆ: ಅಣ್ಣಾ, ಅಳೆದೆ. ಬಲಗಡೆ 4 ಮಿಮೀ ಜಾಸ್ತಿ ಇತ್ತು, ಸರಿ ಮಾಡಿದೆ. ಕಿರ್ ಕಿರ್ ನಿಂತಿತು. ಆದರೆ ಗಾಲಿ ತಿರುಗಿಸಿದರೆ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಗಾಲಿಯೂ ಸ್ವಲ್ಪ ಹಿಡಿದಂತೆ ತಿರುಗುತ್ತದೆ.

ಉತ್ತರ: ಗಾಲಿ ಹಿಡಿಯೋದು ಬ್ರೇಕಿನಿಂದ. ಎಕ್ಸೆಲ್ ಹಿಂದಕ್ಕೆ ಹೋದಾಗ ಪೆಡಲಿನಿಂದ ಬ್ರೇಕಿಗೆ ಹೋಗೋ ರಾಡ್ ಎಳೆದುಕೊಳ್ಳುತ್ತದೆ. ರಾಡಿನ ತುದಿಯ ನಟ್ ಸ್ವಲ್ಪ ಬಿಚ್ಚು. ಗಾಲಿ ಸಲೀಸಾಗಿ ತಿರುಗಬೇಕು, ಪೆಡಲ್ ಒತ್ತಿದರೆ ಬ್ರೇಕ್ ಸರಿಯಾಗಿ ಹಿಡಿಯಬೇಕು. ಹಿಂದಿನ ಬ್ರೇಕ್ ಲೈಟ್ ಹತ್ತುತ್ತಾ ಅಂತಲೂ ನೋಡು.

ಚೈನ್ ಎಲ್ಲಿ ಜಾಸ್ತಿ ಬಿಗಿ ಇದೆಯೋ ಅಲ್ಲಿಗೇ ಹದ ಮಾಡಬೇಕು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಎರಡು ಸ್ಪ್ರಾಕೆಟ್ ನಡುವೆ ಚೈನ್ ಮೇಲೆ-ಕೆಳಗೆ 20ರಿಂದ 30 ಮಿಮೀ ಆಡಬೇಕು, ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಸುಮ್ನೆ ಬಿಗಿ ಇರಲಿ ಅಂತ ಎಳೆಯಬೇಡ. ಇಬ್ಬರು ಕೂತು ಗುಂಡಿಗೆ ಇಳಿದಾಗ ಅದು ಇನ್ನೂ ಬಿಗಿಯಾಗಿ ಗೇರ್ ಬಾಕ್ಸ್ ಬೇರಿಂಗ್ ತಿನ್ನುತ್ತದೆ. ಬಿಗಿ-ಸಡಿಲದ ವ್ಯತ್ಯಾಸ ದೊಡ್ಡದಿದ್ದರೆ ಚೈನ್ ಮುಗಿದಿದೆ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸು. ಹಳೆ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ಹಾಳು ಮಾಡುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾನು ಗದಗ ಕಡೆಯವನು, ಮಳೆಗಾಲದಲ್ಲಿ ಹೊಲಕ್ಕೆ ಗಾಡಿ ಮೇಲೇ ಹೋಗೋದು. ಎರೆ ಮಣ್ಣು ಚೈನಿಗೆ ಮೆತ್ತಿಕೊಂಡಾಗ ಬಿಗಿ ಆದಂತೆ ಇರುತ್ತದೆ. ಆಗ ಸಡಿಲ ಮಾಡಬೇಕಾ?

ಉತ್ತರ: ಬೇಡ ಸರ್. ಅದು ಮಣ್ಣಿನ ಬಿಗಿ. ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಇಟ್ಟು, ಗಾಲಿ ಕೈಯಿಂದ ತಿರುಗಿಸುತ್ತಾ ಸೀಮೆಎಣ್ಣೆ, ಬ್ರಷ್ ಹಾಕಿ ತೊಳೆಯಿರಿ. ಪೆಟ್ರೋಲ್ ಬೇಡ. ಒರೆಸಿ 90 ನಂಬರ್ ಗೇರ್ ಆಯಿಲ್ ಬಿಡಿ. ಅಳತೆ ಏನಿದ್ದರೂ ಆಮೇಲೆ. ಗಾಡಿ ಚಾಲೂ ಮಾಡಿ ಗೇರಿನಲ್ಲಿ ಚೈನ್ ಒರೆಸೋದು ಮಾತ್ರ ಯಾವತ್ತೂ ಬೇಡ, ಅರಿವೆ ಜೊತೆ ಬೆರಳೂ ಸ್ಪ್ರಾಕೆಟ್ ಒಳಗೆ ಹೋಗುತ್ತವೆ.