ಕ್ಲಾಟ್ ಇಂಗ್ಲಿಷ್ ಪ್ಯಾಸೇಜ್: ಓದಿದರೆ ಅರ್ಥ ಆಗುತ್ತದೆ, ಉತ್ತರ ಮಾತ್ರ ತಪ್ಪುತ್ತದೆ

ಚನ್ನಗಿರಿ_ಹುಡುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಆರ್ಟ್ಸ್ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈ ಡಿಸೆಂಬರ್‌ನಲ್ಲಿ ಕ್ಲಾಟ್, ಅಂದರೆ ನ್ಯಾಷನಲ್ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ, ಬರೆಯಬೇಕು ಅಂತಿದ್ದೇನೆ. ಕೋಚಿಂಗ್‌ಗೆ ಸೇರಿಲ್ಲ, ಮನೆಯಲ್ಲಿ ಅಷ್ಟು ದುಡ್ಡು ಕೇಳುವ ಹಾಗಿಲ್ಲ.

ಸಮಸ್ಯೆ ಇಂಗ್ಲಿಷ್ ಪ್ಯಾಸೇಜ್‌ದು. ಓದುವಾಗ ವಿಷಯ ಏನು ಅಂತ ಗೊತ್ತಾಗುತ್ತದೆ. ಆದರೆ ಪ್ರಶ್ನೆಗೆ ಬಂದ ಕೂಡಲೇ ನಾಲ್ಕರಲ್ಲಿ ಎರಡು ಆಯ್ಕೆ ಸರಿ ಅನಿಸುತ್ತವೆ, ಒಂದನ್ನು ಹಾಕುತ್ತೇನೆ, ಕೀ ಆನ್ಸರ್ ನೋಡಿದರೆ ಇನ್ನೊಂದು. ಎರಡನೇದು ಟೈಮ್. ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಮುಂದೆ ಹೋಗುತ್ತೇನೆ, ಹಾಗಾಗಿ ಕೊನೆ ಪ್ಯಾರಾ ಮುಗಿಯುವ ಹೊತ್ತಿಗೆ ಮೊದಲನೇದು ಮರೆತೇ ಹೋಗಿರುತ್ತದೆ, ಮತ್ತೆ ಮೇಲಿಂದ ಶುರು.

ಸೀನಿಯರ್ ಒಬ್ಬರು ಕೊಟ್ಟ ದಪ್ಪ ಗೈಡ್ ಇದೆ. ಸಿನೊನಿಮ್ಸ್, ಈಡಿಯಮ್ಸ್, ಖಾಲಿ ಜಾಗ ತುಂಬಿ, ಇವೇ ಜಾಸ್ತಿ. ಅದನ್ನೇ ಮುಗಿಸಲಾ? ದಿನಕ್ಕೆ ಎಷ್ಟು ಪ್ಯಾಸೇಜ್ ಮಾಡಬೇಕು? ಮೊದಲು ಪ್ರಶ್ನೆ ಓದಬೇಕಾ, ಪ್ಯಾಸೇಜ್ ಓದಬೇಕಾ? ಗೊತ್ತಿದ್ದವರು ಹೇಳಿ ಪ್ಲೀಸ್.

ಲಾ_ಓದ್ತಿರೋ_ಅಕ್ಕ

ಮೊದಲು ಆ ಗೈಡ್‌ನ ಮೇಲೆ ಯಾವ ವರ್ಷ ಇದೆ ನೋಡು ತಮ್ಮ. 2020ಕ್ಕಿಂತ ಹಿಂದಿನದಾದರೆ ಬದಿಗಿಡು. ಆಗ ಕ್ಲಾಟ್‌ನಲ್ಲಿ 200 ಪ್ರಶ್ನೆ ಇದ್ದವು, ಒಂದೊಂದು ಸಾಲಿನ ಪ್ರಶ್ನೆಗಳೇ ಜಾಸ್ತಿ. 2020ರಲ್ಲಿ ಪೇಪರ್ ಪೂರ್ತಿ ಪ್ಯಾಸೇಜ್ ಮೇಲೆ ನಿಂತಿತು, ಪ್ರಶ್ನೆ 150ಕ್ಕೆ ಇಳಿಯಿತು. 2024ರ ಅಡ್ಮಿಷನ್‌ಗೆ ನಡೆದ ಪರೀಕ್ಷೆಯಿಂದ 120. ಸಮಯ 2 ಗಂಟೆ, ಸರಿಯಾದರೆ 1 ಅಂಕ, ತಪ್ಪಿದರೆ 0.25 ಕಟ್. ಅವೆನ್ಯೂ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಗೈಡ್ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಪ್ಯಾಟರ್ನ್‌ನದ್ದನ್ನು ತಿಂಗಳುಗಟ್ಟಲೆ ಉಜ್ಜುವವರು ಈಗಲೂ ಇದ್ದಾರೆ.

ಇಂಗ್ಲಿಷ್‌ಗೆ 22ರಿಂದ 26 ಪ್ರಶ್ನೆ, ಅಂದರೆ ಪೇಪರ್‌ನ ಐದನೇ ಒಂದು ಭಾಗ ಅಷ್ಟೇ ಅಂತ ಕಾಣುತ್ತದೆ. ಹಾಗೆ ಲೆಕ್ಕ ಹಾಕಬೇಡ. ಲೀಗಲ್ ರೀಸನಿಂಗ್ ಕೂಡ ಪ್ಯಾಸೇಜೇ, ಲಾಜಿಕಲ್ ಕೂಡ ಪ್ಯಾಸೇಜೇ. ಲೀಗಲ್‌ನಲ್ಲಿ ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ಪ್ಯಾಸೇಜ್‌ನಲ್ಲಿ ಕೊಟ್ಟ ನಿಯಮವನ್ನು ಸರಿಯಾಗಿ ಓದಿ ಹೊಸ ಸನ್ನಿವೇಶಕ್ಕೆ ಹಚ್ಚಿದರೆ ಸಾಕು. ಗಣಿತದ 10-14 ಪ್ರಶ್ನೆಗೂ ಒಂದು ವಿವರಣೆ ಓದಿಕೊಂಡೇ ಹೋಗಬೇಕು. ಕರೆಂಟ್ ಅಫೇರ್ಸ್ ಒಂದೇ ಸ್ವಲ್ಪ ಬೇರೆ, ಅಲ್ಲಿ ಹೊರಗಿನ ಮಾಹಿತಿ ಬೇಕು. ಹಾಗಾಗಿ ನೀನು ಇಂಗ್ಲಿಷ್ ಓದುವುದಕ್ಕೆ ಕೊಡುವ ಸಮಯ ಪೂರ್ತಿ ಪೇಪರ್‌ಗೆ ಕೊಟ್ಟ ಹಾಗೆ.

ಈಗ ನಿನ್ನ ಎರಡು ಆಯ್ಕೆಯ ಗೋಳು. ಎಲ್ಲರದ್ದೂ ಅದೇ. ಸೆಟ್ ಮಾಡುವವರು ಬೇಕಂತಲೇ ಹಾಗೆ ಮಾಡಿರುತ್ತಾರೆ, ಎರಡು ಆಯ್ಕೆ ಸುಲಭವಾಗಿ ಬಿದ್ದುಹೋಗುತ್ತವೆ, ಉಳಿದ ಎರಡರ ನಡುವೆ ಜಗಳ. ಅಲ್ಲಿ ಕೇಳಬೇಕಾದ್ದು "ಯಾವುದು ಹೆಚ್ಚು ಸರಿ" ಅಂತ ಅಲ್ಲ, "ಇದು ತಪ್ಪಾಗಿದ್ದರೆ ಯಾವ ಪದದಿಂದ ತಪ್ಪು" ಅಂತ. ಪ್ಯಾಸೇಜ್ "ಕೆಲವರು" ಅಂದಿರುತ್ತದೆ, ಆಯ್ಕೆ "ಎಲ್ಲರೂ" ಅನ್ನುತ್ತದೆ. ಪ್ಯಾಸೇಜ್ "ಇರಬಹುದು" ಅಂದರೆ ಆಯ್ಕೆ "ಇದೆ" ಅನ್ನುತ್ತದೆ. ಇನ್ನೊಂದು ಜಾತಿ ಇದಕ್ಕಿಂತ ಕೆಟ್ಟದ್ದು: ಆಯ್ಕೆಯಲ್ಲಿ ಹೇಳಿದ್ದು ಪ್ರಪಂಚದಲ್ಲಿ ನಿಜವೇ, ನಿನಗೂ ಗೊತ್ತು, ಪೇಪರ್‌ನಲ್ಲೂ ಬಂದಿತ್ತು, ಆದರೆ ಈ ಪ್ಯಾಸೇಜ್‌ನಲ್ಲಿ ಅದು ಎಲ್ಲೂ ಇಲ್ಲ. ಬುದ್ಧಿವಂತರೇ ಅದಕ್ಕೆ ಜಾಸ್ತಿ ಬೀಳುವುದು.

ದಿನಕ್ಕೆ ಎಷ್ಟು ಅಂತ ಕೇಳಿದ್ದೀಯ. ಎರಡು ಸಾಕು. ಆದರೆ ಮಾಡಿದ ಮೇಲೆ ಕೀ ಆನ್ಸರ್ ನೋಡಿ "ಓ ಹೌದಲ್ವಾ" ಅಂತ ಮುಂದಕ್ಕೆ ಹೋಗಬೇಡ. ಸರಿ ಉತ್ತರ ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸು, ಉಳಿದ ಮೂರು ಯಾಕೆ ಬೀಳುತ್ತವೆ ಅಂತ ಒಂದೊಂದು ಸಾಲು ಬರೆ. ಕನ್ನಡದಲ್ಲೇ ಬರೆ, ತೊಂದರೆ ಇಲ್ಲ. ಪ್ಯಾಸೇಜ್ ಮಾಡುವುದಕ್ಕೆ ಹತ್ತು ನಿಮಿಷ ಹಿಡಿದರೆ ಈ ಕೆಲಸಕ್ಕೆ ಇಪ್ಪತ್ತು ಹಿಡಿಯಲಿ. ಇದು ಬೋರು, ಅದಕ್ಕೇ ಯಾರೂ ಮಾಡುವುದಿಲ್ಲ.

ಹಳೇ ಪೇಪರ್‌ಗಳು ಪರೀಕ್ಷೆ ನಡೆಸುವ ಕನ್ಸೋರ್ಟಿಯಂನ ವೆಬ್‌ಸೈಟ್‌ನಲ್ಲೇ ಬಿಟ್ಟಿ ಸಿಗುತ್ತವೆ, ಯಾರಿಗೂ ದುಡ್ಡು ಕೊಡಬೇಡ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಪೇಪರ್ ಮೇಲೇ ಮಾಡು. ಪರೀಕ್ಷೆ ಓಎಂಆರ್ ಶೀಟ್‌ನಲ್ಲಿ, ಪೆನ್ನು ಹಿಡಿದು. ಮೊಬೈಲ್‌ನಲ್ಲಿ ಸ್ಕ್ರೋಲ್ ಮಾಡಿ ಓದುವ ಕಣ್ಣಿಗೆ ಅಲ್ಲಿ ಕಷ್ಟ ಆಗುತ್ತದೆ.

ಟಾಪರ್_ಟಿಪ್ಸ್

ಸಿಂಪಲ್ ಬ್ರೋ. ದಿನಾ ದಿ ಹಿಂದೂ ಎಡಿಟೋರಿಯಲ್, ದಿನಾ 50 ಹೊಸ ಪದ ಬಾಯಿಪಾಠ. ವೊಕ್ಯಾಬ್ ಸ್ಟ್ರಾಂಗ್ ಆದರೆ ಎಲ್ಲಾ ತಾನಾಗೇ ಬರುತ್ತದೆ. ಆಲ್ ದಿ ಬೆಸ್ಟ್ 👍

ಪಿಯು_ಮೇಷ್ಟ್ರು

ದಿನಾ 50 ಪದ ಬಾಯಿಪಾಠ ಮಾಡಿದರೆ ವಾರದ ಕೊನೆಗೆ ಅದರಲ್ಲಿ ಐದು ಉಳಿದರೆ ಪುಣ್ಯ. ಸಿಟ್ಟು ಮಾಡಿಕೊಳ್ಳಬೇಡಿ, ಪಾಠ ಹೇಳಿ ಹೇಳಿ ನೋಡಿದ್ದೇನೆ. ಕ್ಲಾಟ್‌ನಲ್ಲಿ ಪದದ ಅರ್ಥ ಕೇಳಿದರೂ ಆ ಸಾಲಿನಲ್ಲಿ ಅದಕ್ಕೆ ಏನರ್ಥ ಅಂತಲೇ ಕೇಳುವುದು. ಅದಕ್ಕೆ ಸುತ್ತಲಿನ ವಾಕ್ಯ ಓದಲು ಬರಬೇಕು.

ಚನ್ನಗಿರಿಯವರೇ, ಕನ್ನಡ ಮೀಡಿಯಂನಿಂದ ಬಂದ ಮಕ್ಕಳಲ್ಲಿ ನಾನು ಕಂಡಿದ್ದು ಹೇಳುತ್ತೇನೆ. ಪದ ಗೊತ್ತಿಲ್ಲ ಅಂತ ಅವರು ಅಂದುಕೊಂಡಿರುತ್ತಾರೆ. ನಿಜವಾಗಿ ಎಡವುವುದು ವಾಕ್ಯದಲ್ಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿವರಣೆ ಎಲ್ಲಾ ಮುಂಚೆ ಬಂದು ಆಮೇಲೆ ಹೆಸರು ಬರುತ್ತದೆ. ಇಂಗ್ಲಿಷ್‌ನಲ್ಲಿ ಹೆಸರು ಮೊದಲು, ಅದರ ಬಾಲ ಆಮೇಲೆ, ಬಾಲಕ್ಕೊಂದು ಬಾಲ, ಎಲ್ಲಾ ಮುಗಿದ ಮೇಲೆ ಎಲ್ಲೋ ಮೂರನೇ ಸಾಲಿನಲ್ಲಿ ಮುಖ್ಯ ಕ್ರಿಯಾಪದ. ಇದನ್ನು ಎಡದಿಂದ ಬಲಕ್ಕೆ ಕನ್ನಡ ಮಾಡುತ್ತಾ ಹೋದರೆ ತಲೆಯಲ್ಲಿ ಕಟ್ಟಿದ ವಾಕ್ಯವನ್ನು ಪದೇ ಪದೇ ಬಿಚ್ಚಿ ಕಟ್ಟಬೇಕಾಗುತ್ತದೆ. ನಿಮ್ಮ ಟೈಮ್ ಹೋಗುತ್ತಿರುವುದು ಅಲ್ಲೇ.

ಅದಕ್ಕೆ ಉದ್ದ ವಾಕ್ಯ ಬಂದಾಗ ಎರಡೇ ಪ್ರಶ್ನೆ: ಯಾರು? ಏನು ಮಾಡಿದರು? ಆ ಎರಡಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಎರಡು ಕಾಮಾ ನಡುವೆ ಇರುವುದನ್ನು ಮೊದಲ ಸಲ ಹಾರಿಸಿ. ಶುರುವಿನಲ್ಲಿ ನಿಧಾನ ಆಗುತ್ತದೆ, ಆಗಲಿ. ಒಂದು ತಿಂಗಳು ದಿನಾ ಅರ್ಧ ಪುಟ ಹೀಗೆ ಮಾಡಿದರೆ ಗೆರೆ ಹಾಕದೆಯೇ ಕಣ್ಣು ಹುಡುಕುತ್ತದೆ. ಕನ್ನಡ ಮಾಡುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಬಿಡಲು ಆಗುವುದಿಲ್ಲ. ವಾಕ್ಯಕ್ಕೊಂದು ಸಲ ಮಾಡುವ ಬದಲು ಪ್ಯಾರಾಗೆ ಒಂದು ಸಲ ಮಾಡಿ. ಪ್ಯಾರಾ ಮುಗಿದಾಗ ನಿಲ್ಲಿಸಿ, "ಇವನು ಇಲ್ಲಿ ಹೇಳಿದ್ದಿಷ್ಟು" ಅಂತ ಕನ್ನಡದಲ್ಲಿ ಐದಾರು ಪದ ಮಾರ್ಜಿನ್‌ನಲ್ಲಿ ಬರೆದು ಮುಂದೆ ಹೋಗಿ. ಮೊದಲನೇ ಪ್ಯಾರಾ ಮರೆಯುವ ಕಾಟ ಅದರಿಂದ ತಪ್ಪುತ್ತದೆ.

ಸಣ್ಣ ಪದಗಳನ್ನೂ ನೋಡಿ. "ದಿ ಕಮಿಟಿ ಡಿಡ್ ನಾಟ್ ಸೋ ಮಚ್ ರಿಜೆಕ್ಟ್ ದಿ ಪ್ಲಾನ್ ಆ್ಯಸ್ ಪೋಸ್ಟ್‌ಪೋನ್ ಇಟ್." ಇದರಲ್ಲಿ ಒಂದೂ ಕಷ್ಟದ ಪದ ಇಲ್ಲ. ಆದರೂ ಕ್ಲಾಸಿನಲ್ಲಿ ಕೇಳಿದರೆ ಮುಕ್ಕಾಲು ಮಂದಿ ಕಮಿಟಿ ಯೋಜನೆಯನ್ನು ತಿರಸ್ಕರಿಸಿತು ಅನ್ನುತ್ತಾರೆ, ಉಳಿದವರು ಪೂರ್ತಿ ಒಪ್ಪಿತು ಅನ್ನುತ್ತಾರೆ. ಅದು ಹೇಳುತ್ತಿರುವುದು ಕಮಿಟಿ ಬೇಡ ಅಂದಿದ್ದಕ್ಕಿಂತ ಮುಂದಕ್ಕೆ ಹಾಕಿತು ಅನ್ನುವುದೇ ಸರಿ ಅಂತ. 50 ಕಠಿಣ ಪದ ಬಾಯಿಪಾಠ ಮಾಡಿದವನನ್ನೂ ಈ ವಾಕ್ಯ ಕೆಡವುತ್ತದೆ. ಹಾರ್ಡ್ಲಿ, ಅನ್‌ಲೆಸ್, ಆಲ್ದೋ, ಯೆಟ್, ಇವುಗಳ ಮೇಲೆ ಕಣ್ಣಿಡಿ.

ಎಡಿಟೋರಿಯಲ್ ಓದಿ, ಬೇಡ ಅನ್ನುವುದಿಲ್ಲ. ಆದರೆ ಬರೀ ಅದೇ ಸಾಲದು. ಕ್ಲಾಟ್‌ನಲ್ಲಿ ಕತೆ, ಕಾದಂಬರಿಯ ತುಣುಕುಗಳೂ ಬರಬಹುದು, ಕನ್ಸೋರ್ಟಿಯಂನವರೇ ಫಿಕ್ಷನ್ ಮತ್ತು ನಾನ್ ಫಿಕ್ಷನ್ ಎರಡೂ ಅಂತ ಬರೆದಿದ್ದಾರೆ. 12ನೇ ತರಗತಿಯವರು 5ರಿಂದ 7 ನಿಮಿಷದಲ್ಲಿ ಓದಬಹುದಾದ ಮಟ್ಟ, ಸುಮಾರು 450 ಪದ. ಅದಕ್ಕೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿ ಇಂಗ್ಲಿಷ್ ಪುಸ್ತಕ ಒಳ್ಳೆಯ ಮೆಟ್ಟಿಲು, ಅವರ ವೆಬ್‌ಸೈಟ್‌ನಲ್ಲಿ ಬಿಟ್ಟಿ ಇವೆ.

ಒಂದು ಪರೀಕ್ಷೆ ಕೊಡುತ್ತೇನೆ, ಸುಮ್ನೆ ಮಾಡಿ ನೋಡಿ. ಕನ್ನಡದಲ್ಲೇ ಇದೆ, ಯಾಕೆಂದರೆ ಈ ರೋಗ ಭಾಷೆಯದ್ದಲ್ಲ.

"ರಸ್ತೆ ಅಗಲ ಮಾಡಿದರೆ ಪೇಟೆಗೆ ಹೋಗುವ ಸಮಯ ಉಳಿಯುತ್ತದೆ ಅನ್ನುತ್ತಾರೆ ಅಧಿಕಾರಿಗಳು. ಉಳಿಯಬಹುದು. ಆದರೆ ಕಡಿಯಬೇಕಾದ ಮರಗಳ ಕೆಳಗೆ ಹೂವು, ತರಕಾರಿ ಮಾರುವವರನ್ನು ಯಾರೂ ಒಂದು ಮಾತು ಕೇಳಿಲ್ಲ."

ಬರೆದವರ ಮುಖ್ಯ ಆಕ್ಷೇಪ ಏನು? ಎ) ರಸ್ತೆ ಅಗಲ ಮಾಡಿದರೆ ಸಮಯ ಉಳಿಯುವುದಿಲ್ಲ. ಬಿ) ತೊಂದರೆಗೆ ಒಳಗಾಗುವವರನ್ನು ಕೇಳದೆ ತೀರ್ಮಾನ ಆಗುತ್ತಿದೆ. ಸಿ) ಅಭಿವೃದ್ಧಿ ಯಾವಾಗಲೂ ಪರಿಸರವನ್ನು ಹಾಳು ಮಾಡುತ್ತದೆ. ಡಿ) ಅಧಿಕಾರಿಗಳು ಲಂಚ ತಿಂದಿದ್ದಾರೆ.

ಉತ್ತರ ಮಾತ್ರ ಹಾಕಬೇಡಿ, ಅಕ್ಕ ಹೇಳಿದ ಹಾಗೆ ಉಳಿದ ಮೂರೂ ಯಾಕೆ ಬೀಳುತ್ತವೆ ಬರೆಯಿರಿ.

ಚನ್ನಗಿರಿ_ಹುಡುಗ

ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಗೈಡ್ ನೋಡಿದೆ, 2017ರದ್ದು 😐

ಬಿ ಅಂತ ಹಾಕಿದೆ ಸರ್. ಡಿ ಬೀಳುತ್ತದೆ, ಲಂಚದ ಮಾತೇ ಇಲ್ಲ. ಸಿ ಬೀಳುತ್ತದೆ, ಅದರಲ್ಲಿ "ಯಾವಾಗಲೂ" ಇದೆ, ಇಲ್ಲಿ ಒಂದು ರಸ್ತೆ ಬಗ್ಗೆ ಮಾತ್ರ ಹೇಳಿದ್ದಾರೆ. ಎ ಯಾಕೆ ಬೀಳುತ್ತದೆ ಅಂತ ಮಾತ್ರ ಗಟ್ಟಿಯಾಗಿ ಹೇಳಲು ಬರುತ್ತಿಲ್ಲ. ಬರೆದವರು ಅಧಿಕಾರಿಗಳ ವಿರುದ್ಧ ಇದ್ದಾರೆ ಅಲ್ವಾ, ಹಾಗಾದರೆ ಅವರು ಹೇಳಿದ ಸಮಯ ಉಳಿತಾಯವನ್ನೂ ಒಪ್ಪಿಲ್ಲ ಅಂತ ಆಗುವುದಿಲ್ವಾ?

ಪಿಯು_ಮೇಷ್ಟ್ರು

ಆಗುವುದಿಲ್ಲ. "ಉಳಿಯಬಹುದು" ಅನ್ನುವ ಒಂದೇ ಪದದ ವಾಕ್ಯ ಇದೆಯಲ್ಲ, ಅದನ್ನೇ ನೀವು ದಾಟಿಕೊಂಡು ಹೋಗಿದ್ದೀರಿ. ಅಲ್ಲಿ ಬರೆದವರು ಎದುರಾಳಿಗೆ ಒಂದು ಅಂಕ ಬಿಟ್ಟುಕೊಟ್ಟರು. ಆಮೇಲೆ "ಆದರೆ" ಅಂದರು, ಅಲ್ಲಿಂದ ಅವರ ನಿಜವಾದ ಮಾತು. ಒಬ್ಬರ ವಿರುದ್ಧ ಇರುವವರು ಅವರು ಹೇಳಿದ ಪ್ರತಿಯೊಂದಕ್ಕೂ ವಿರುದ್ಧ ಇರಬೇಕಿಲ್ಲ. ಇಂಗ್ಲಿಷ್ ವಾದದ ಬರಹ ಇದೇ ಅಚ್ಚಿನಲ್ಲಿ ಬರುತ್ತದೆ: ಮೊದಲು ಬೇರೆಯವರ ಮಾತು, ಸ್ವಲ್ಪ ಒಪ್ಪಿಗೆ, ಆಮೇಲೆ ಬಟ್ ಅಥವಾ ಹೌಎವರ್. ಎರಡು ಆಯ್ಕೆ ಸರಿ ಅನಿಸಿದಾಗ ಬಹಳ ಸಲ ಒಂದು ಆಯ್ಕೆ "ಆದರೆ"ಗೆ ಮುಂಚಿನ ಭಾಗದಿಂದ ಹುಟ್ಟಿರುತ್ತದೆ.

ಸಿಗೆ ಕೊಟ್ಟ ಕಾರಣ ಚೆನ್ನಾಗಿದೆ.

ಹುಬ್ಬಳ್ಳಿ_ಅಪ್ಪ

ನನ್ನ ಮಗಳೂ ಇದೇ ತಯಾರಿ ಮಾಡುತ್ತಿದ್ದಾಳೆ, ಹಾಗಾಗಿ ಓದಿಕೊಂಡೆ. ಮೇಷ್ಟ್ರೇ, ಮೊದಲು ಪ್ರಶ್ನೆ ಓದಬೇಕಾ ಅಂತ ಹುಡುಗ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮಗಳ ಕೋಚಿಂಗ್‌ನಲ್ಲಿ ಪ್ರಶ್ನೆ ಮೊದಲು ಅಂತಾರೆ.

ಇನ್ನೊಂದು, ಹುಡುಗನಿಗೆ. ಕ್ಲಾಟ್ ಒಂದೇ ಬಾಗಿಲಲ್ಲಪ್ಪ. ನಮ್ಮೂರಿನ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಇರುವ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸ್‌ಗೆ ಪಿಯುಸಿ ಅಂಕದ ಮೇಲೆ ಸೀಟು ಸಿಗುತ್ತದೆ. ಪಿಯುಸಿ ಬಿಟ್ಟು ಇದೊಂದನ್ನೇ ಹಿಡಿದುಕೊಂಡು ಕೂರಬೇಡ.

ಲಾ_ಓದ್ತಿರೋ_ಅಕ್ಕ

ಅಂಕಲ್, ಅದಕ್ಕೆ ಒಂದೇ ಉತ್ತರ ಇಲ್ಲ. ವೇಗವಾಗಿ ಓದುವವರಿಗೆ ಪ್ರಶ್ನೆ ಮೊದಲು ಓದಿದರೆ ಅನುಕೂಲ ಆಗುತ್ತದೆ. ಇವನ ಹಾಗೆ ವಾಕ್ಯದಲ್ಲಿ ಒದ್ದಾಡುವವರು ಐದಾರು ಪ್ರಶ್ನೆಯನ್ನೂ ತಲೆಯಲ್ಲಿ ಹೊತ್ತುಕೊಂಡು ಓದಿದರೆ ಎರಡೂ ಕೆಡುತ್ತವೆ. ನನ್ನ ಕೇಳಿದರೆ ಪ್ಯಾಸೇಜ್ ಒಂದು ಸಲ ನೆಟ್ಟಗೆ ಓದಲಿ, ಆಮೇಲೆ ಪ್ರಶ್ನೆ, ಬೇಕಾದ ಪ್ಯಾರಾಗೆ ಮಾತ್ರ ವಾಪಸ್. ಲೀಗಲ್‌ನಲ್ಲಂತೂ ನಿಯಮ ಓದದೆ ಪ್ರಶ್ನೆ ನೋಡಿ ಏನೂ ಪ್ರಯೋಜನ ಇಲ್ಲ.

ಟೈಮ್ ಬಗ್ಗೆ ತಮ್ಮ, ಈಗಲೇ ಗಡಿಯಾರ ಇಡಬೇಡ. ಸೆಪ್ಟೆಂಬರ್‌ವರೆಗೆ ಸರಿ ಉತ್ತರ ಜಾಸ್ತಿ ಮಾಡು. ಆಮೇಲೆ ಗಡಿಯಾರ ಇಟ್ಟುಕೋ. 120 ಪ್ರಶ್ನೆಗೆ 120 ನಿಮಿಷ, ಅದರಲ್ಲೇ ಓದುವುದೂ ಸೇರಿತು, ಹಾಗಾಗಿ ಐದಾರು ಪ್ರಶ್ನೆ ಇರುವ ಒಂದು ಪ್ಯಾಸೇಜ್‌ಗೆ ಸರಾಸರಿ ಐದಾರು ನಿಮಿಷ. ಒಂದು ಪ್ರಶ್ನೆ ಕಚ್ಚಿಕೊಂಡರೆ ಬಿಟ್ಟು ಮುಂದೆ ಹೋಗು. ಎರಡು ಆಯ್ಕೆಗೆ ಇಳಿದಿದ್ದರೆ ಮಾತ್ರ ಒಂದು ಹಾಕು, ಕಾಲು ಅಂಕ ಕಟ್ ಆದರೂ ಲೆಕ್ಕದಲ್ಲಿ ಲಾಭವೇ. ನಾಲ್ಕೂ ಒಂದೇ ಥರ ಕಂಡರೆ ಖಾಲಿ ಬಿಡು.

ಆಮೇಲೆ ಅರ್ಜಿ ತುಂಬುವಾಗ ಒಂದು ನೆನಪಿರಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ 25% ಸೀಟು ಇದೆ. ನೀನು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದ್ದೀಯಲ್ವಾ, ಆ ಆಯ್ಕೆ ಬಿಡಬೇಡ. ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಈಗಲೇ ಮಾಡಿಸಿಕೋ, ಕೊನೇ ಗಳಿಗೆಯಲ್ಲಿ ಹೆಡ್‌ಮಾಸ್ಟರ್ ಸಹಿಗೆ ಓಡಾಡುವ ಕೆಲಸ ಇಟ್ಟುಕೊಳ್ಳಬೇಡ.

ನಾಳೆ 2024ರ ಪೇಪರ್‌ನ ಮೊದಲನೇ ಇಂಗ್ಲಿಷ್ ಪ್ಯಾಸೇಜ್ ಮಾಡಿ, ಬಿದ್ದ ಆಯ್ಕೆಗಳ ಕಾರಣ ಬರೆದು ಇಲ್ಲೇ ಹಾಕು. ನೋಡುತ್ತೇನೆ.