‘ಕಾಡು ನೈದಿಲೆಯ ಹೊಸ ತಳಿ’: ಈ ನಾಲ್ಕು ಪದಗಳಲ್ಲಿ ಎಷ್ಟು ಸರಿ?

ಬಲ್ಲವರಿಗೆ ನಮಸ್ಕಾರ. ವಿರಾಜಪೇಟೆ ಕಡೆಯ ನಮ್ಮೂರ ಶಾಲೆಯ ಗೋಡೆಪತ್ರಿಕೆಗೆ ಆಗಾಗ ಬರೆದುಕೊಡುತ್ತೇನೆ. ಈ ಸಲದ್ದು ಬೊಲಿವಿಯಾದ ದೈತ್ಯ ನೈದಿಲೆ, ವಿಕ್ಟೋರಿಯಾ ಬೊಲಿವಿಯಾನಾ ಬಗ್ಗೆ. ‘ಹೊಸದಾಗಿ ಕಂಡುಹಿಡಿದ ಕಾಡು ನೈದಿಲೆ ತಳಿ’ ಅಂತ ತಲೆಬರಹ ಹಾಕಿ ಚಿಕ್ಕಪ್ಪನಿಗೆ ಓದಿ ಹೇಳಿದೆ. ತೋಟ ನೋಡಿಕೊಳ್ಳುವವರು ಅವರು. ‘ತಳಿಯಾ? ಗಿಡ ಎಲ್ಲಿ ಕೊಡ್ತಾರಂತೆ?’ ಅಂದರು.

ನಕ್ಕೆ, ಆಮೇಲೆ ತಲೆಬರಹ ಹೊಡೆದುಹಾಕಿದೆ. ಕೊಡಗಿನಲ್ಲಿ ತಳಿ ಅಂದರೆ ಕಾಫಿ: ಎಸ್.795, ಕಾವೇರಿ, ಚಂದ್ರಗಿರಿ. ಯಾರೋ ಆರಿಸಿ, ಬೆಳೆಸಿ, ನರ್ಸರಿಯಲ್ಲಿ ಕೈಗಿಟ್ಟದ್ದು. ತನ್ನಷ್ಟಕ್ಕೆ ಬೆಳೆದ ಗಿಡಕ್ಕೆ ಆ ಮಾತು ಒಗ್ಗದು. ‘ಜಾತಿ’ ಅನ್ನೋಣವೆಂದರೆ ಒಂದು ಪುಸ್ತಕದಲ್ಲಿ ಅದು ವರ್ಗೀಕರಣದ ಮೇಲಿನ ಹಂತ (ಜೀನಸ್), ಇನ್ನೊಂದರಲ್ಲಿ ಕೆಳಗಿನದು (ಸ್ಪೀಷೀಸ್). ಸದ್ಯಕ್ಕೆ ‘ಪ್ರಭೇದ’ ಎಂದಿದ್ದೇನೆ.

‘ಕಂಡುಹಿಡಿದ’ ಇನ್ನೂ ತೊಡಕು. ಹೊಸ ಹೆಸರು ಬಂದದ್ದು 2022ರಲ್ಲಿ. ಆದರೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಣಗಿಡಗಳ ಸಂಗ್ರಹದಲ್ಲಿ ಅದು 177 ವರ್ಷದಿಂದ ಬಿದ್ದಿತ್ತು, ಅಮೆಜಾನಿಕಾ ಅನ್ನುವ ಅದರ ಅಕ್ಕನ ಹೆಸರಿನಲ್ಲಿ! ಬೊಲಿವಿಯಾದ ತೋಟಗಳವರು 2016ರಲ್ಲಿ ಬೀಜ ಕೊಟ್ಟ ಮೇಲೆ, ಅಮೆಜಾನಿಕಾ ಮತ್ತು ಇನ್ನೊಬ್ಬ ಅಕ್ಕ ಕ್ರುಜಿಯಾನಾದ ಪಕ್ಕದಲ್ಲೇ ಬೆಳೆಸಿದಾಗ ಇದು ಬೇರೆಯೇ ಅನ್ನುವುದು ಕಣ್ಣಿಗೆ ಬಿತ್ತು. ಅಲ್ಲಿನ ಜನ ದಿನವೂ ನೋಡುತ್ತಿದ್ದುದನ್ನು ಯಾರು ಕಂಡುಹಿಡಿದದ್ದು? ‘ಬೇರೆಯೆಂದು ಗುರುತಿಸಿದ’ ಅಂದರೆ ಉದ್ದವಾದರೂ ಸುಳ್ಳಾಗುವುದಿಲ್ಲ.

ಇನ್ನು ‘ಕಾಡು’. ಊರಹಂದಿ ಇದೆ, ಹಾಗಾಗಿ ಕಾಡುಹಂದಿ. ಊರಕೋಳಿ, ಕಾಡುಕೋಳಿ. ಕಾಡುಪಾಪಕ್ಕೂ ಮನೆಯಲ್ಲೊಂದು ಪಾಪ ಇದೆಯಲ್ಲ! ಊರಿನ ಜೋಡಿಯಿಲ್ಲದ ಕಡೆ ‘ಕಾಡು’ ಸೇರಿಸಿದರೆ ಅದು ಬರೀ ಜಾಗದ ಹೆಸರಾಗುತ್ತದೆ. ಈ ನೈದಿಲೆ ಇರುವುದು ಮಳೆಗಾಲದಲ್ಲಿ ನೀರು ತುಂಬುವ ಹುಲ್ಲುಬಯಲಿನಲ್ಲಿ. ನಮ್ಮಲ್ಲಂತೂ ತೋಟದ ಕಳೆಗೂ ‘ಕಾಡು’ ಅನ್ನುತ್ತೇವೆ, ಕಾಡು ಕಡಿಯಲು ಆಳು ಸಿಗದೆ ಪರದಾಡುತ್ತೇವೆ. ಆ ಪದ ಬಿಟ್ಟೇಬಿಟ್ಟೆ.

ಉಳಿದದ್ದು ನೈದಿಲೆ. ಹಳಗನ್ನಡದ ನೆಯ್ದಿಲ್, ತಮಿಳಿನ ನೆಯ್ದಲ್. ಮಲಯಾಳ ಮಾತಾಡುವ ನೆರೆಮನೆಯವರಿಗೆ ಆಂಬಲ್. ಮಕ್ಕಳಿಗೆ ಮಾತ್ರ ಕೆರೆಯಲ್ಲಿ ಅರಳಿದ್ದೆಲ್ಲ ತಾವರೆ. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ದಂಟು ನಟ್ಟನಡುವೆ. ನೈದಿಲೆಯದು ನೀರಿಗೆ ಅಂಟಿಕೊಂಡಿದ್ದು, ಅಂಚಿನಿಂದ ದಂಟಿನವರೆಗೆ ಸೀಳಿರುತ್ತದೆ. ಈ ಮೂರೂ ವಿಕ್ಟೋರಿಯಾಗಳಿಗೆ ಆ ಸೀಳಿಲ್ಲ. 3 ಮೀಟರಿನಷ್ಟು ಅಗಲ, ಎದ್ದು ನಿಂತ ಅಂಚು, ಎಲೆಯ ಅಡಿಭಾಗದಲ್ಲಿ ಮುಳ್ಳು. ಆದರೂ ಅವು ನೈದಿಲೆಯದೇ ಕುಟುಂಬ. ತಾವರೆಯ ವಂಶ ಬೇರೆಯೇ ದಾರಿಯದು. ಅಮರಕೋಶದ ಮೊರೆ ಹೋದರೆ ಅಲ್ಲಿ ಬಣ್ಣದ ಲೆಕ್ಕ: ಬಿಳಿಗೆ ಕುಮುದ, ನೀಲಿಗೆ ಇಂದೀವರ, ಕೆಂಪಿಗೆ ರಕ್ತೋತ್ಪಲ. ಇದರ ಹೂವು ಬಿಳಿಯಾಗಿ ಅರಳಿ, ಮರುದಿನ ಗುಲಾಬಿಗೆ ತಿರುಗುತ್ತದೆ. ಇವತ್ತು ಕುಮುದ, ನಾಳೆ ರಕ್ತೋತ್ಪಲ ಅಂದರೆ ಮಕ್ಕಳು ನನ್ನನ್ನೇ ಕೆರೆಗೆ ತಳ್ಳುತ್ತಾರೆ.

ಅಂಚೆದ್ದ ಎಲೆ ನೋಡಿ ಎಲೆಅಡಿಕೆಯ ಹರಿವಾಣ ನೆನಪಾಯಿತು, ‘ಹರಿವಾಣ ನೈದಿಲೆ’ ಎಂದು ಬರೆದೆ. ಈಗಾಗಲೇ ಬೇರೆ ಹೆಸರು ಬಳಕೆಯಲ್ಲಿದ್ದರೆ ಹೇಳಿ, ಬದಲಿಸುತ್ತೇನೆ. ಇನ್ನೊಂದು: ಮಳೆನೀರು ಹರಿದುಹೋಗಲು ಆ ಅಂಚಿನಲ್ಲಿ ಎರಡು ಕಡೆ ಬಾಯಿಬಿಟ್ಟಿರುತ್ತದೆ. ಗದ್ದೆ ಏರಿಯಲ್ಲಿ ನೀರಿಗೆ ಬಿಡುವ ಸಂದಿನಂತೆಯೇ ಕಂಡದ್ದರಿಂದ ‘ಕಂಡಿ’ ಎಂದಿದ್ದೇನೆ. ಬಯಲುಸೀಮೆಯವರಿಗೆ, ಕರಾವಳಿಯವರಿಗೆ ಇದು ತಿಳಿಯುತ್ತದೆಯೇ? ನಿಮ್ಮಲ್ಲಿ ಏನನ್ನುತ್ತೀರಿ?