ಪುಲ್‌ಅಪ್, ಡಿಪ್ಸ್‌ಗೆ ತೂಕ ಕಟ್ಟುವ ಬೆಲ್ಟ್: ಲೆದರಾ, ನೈಲಾನಾ? ನಮ್ಮ ಕರಾವಳಿ ಹವೆಗೆ ಯಾವುದು ಬಾಳಿಕೆ ಬರುತ್ತದೆ?

ಮಲ್ಪೆ_ರೋಡ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ತೂಕ 70 ಕೆಜಿ. ಶಿಫ್ಟ್ ಕೆಲಸ, ಜಿಮ್ಮಿಗೆ ಹೋಗಲಿಕ್ಕೆ ಆಗುವುದಿಲ್ಲ, ಹಾಗಾಗಿ ಮನೆಯಲ್ಲೇ ಪುಲ್‌ಅಪ್, ಡಿಪ್ಸ್ (ಎರಡು ಸರಳಿನ ಮೇಲೆ ಕೈ ಊರಿ ಇಳಿದು ಏಳುವುದು) ಮಾಡುತ್ತೇನೆ. ಪುಲ್‌ಅಪ್ ಹನ್ನೆರಡರವರೆಗೆ, ಡಿಪ್ಸ್ ಇಪ್ಪತ್ತರವರೆಗೆ ಸರಿಯಾಗಿ ಆಗುತ್ತದೆ. ಇನ್ನು ಸಂಖ್ಯೆ ಏರಿಸುವುದಕ್ಕಿಂತ ತೂಕ ಏರಿಸುವುದು ಒಳ್ಳೆಯದು ಅಲ್ವಾ?

ಸದ್ಯ ಹಳೆಯ ಕಾಲೇಜು ಬ್ಯಾಗಿನಲ್ಲಿ ತೂಕದ ಪ್ಲೇಟ್ ಹಾಕಿ ಬೆನ್ನಿಗೆ ಏರಿಸಿಕೊಳ್ಳುತ್ತೇನೆ. 10 ಕೆಜಿ ದಾಟಿದ ಮೇಲೆ ಪಟ್ಟಿ ಭುಜವನ್ನು ಹಿಂದಕ್ಕೆ ಎಳೆಯುತ್ತದೆ. ಡಿಪ್ಸ್‌ನಲ್ಲಿ ಮುಂದೆ ಬಾಗಿದರೆ ಬ್ಯಾಗ್ ಕುತ್ತಿಗೆಗೆ ಬಂದು ಕೂರುತ್ತದೆ. ಅದಕ್ಕೆ ಬೆಲ್ಟ್ ತೆಗೆದುಕೊಳ್ಳುವ ಅಂತ. ಅಂಗಡಿಯಲ್ಲಿ ಬೆಲ್ಟ್ ಕೇಳಿದರೆ ಸ್ಕ್ವಾಟ್ ಮಾಡುವಾಗ ಹೊಟ್ಟೆಗೆ ಬಿಗಿಯುವ ಬೆಲ್ಟ್ ತೋರಿಸುತ್ತಾರೆ. ಅದಕ್ಕೇ ಚೈನ್ ಸಿಕ್ಕಿಸಿದರೆ ನಡೆಯುತ್ತದಾ? ಆನ್‌ಲೈನ್‌ನಲ್ಲಿ ಲೆದರ್, ನೈಲಾನ್, ಒಳಗೆ ಸ್ಪಂಜಿನ ಹಾಗಿರುವ ನಿಯೋಪ್ರಿನ್ ಎಲ್ಲ ಉಂಟು. ಯಾವುದು ಅಂತ ಗೊತ್ತಾಗುತ್ತಿಲ್ಲ. ಬಜೆಟ್ 1500 ರೂಪಾಯಿ. ನನ್ನ ಹತ್ತಿರ ಇರುವುದು ಸಣ್ಣ ತೂತಿನ ಪ್ಲೇಟ್‌ಗಳು. ಬಾರ್ ಬಾಗಿಲ ಚೌಕಟ್ಟಿಗೆ ಸಿಕ್ಕಿಸುವಂಥದ್ದು, ಡಿಪ್ಸ್‌ಗೆ ಸ್ಟ್ಯಾಂಡ್ ಉಂಟು.

ಬಂದರ್_ಹುಡುಗ

ಮೊದಲು ಒಂದು ವಿಷಯ. ಹೊಟ್ಟೆಗೆ ಬಿಗಿಯುವ ಬೆಲ್ಟಿಗೆ ಚೈನ್ ಹಾಕಬೇಡಿ. ಅದರ ಕೆಲಸವೇ ಬೇರೆ. ಉಸಿರು ಹಿಡಿದು ಹೊಟ್ಟೆಯನ್ನು ಹೊರಗೆ ಒತ್ತಿದಾಗ ಎದುರಿಗೆ ಗಟ್ಟಿಯಾಗಿ ನಿಲ್ಲುವುದಕ್ಕೆ ಅದನ್ನು ಮಾಡಿದ್ದು, ತೂಕ ನೇತುಹಾಕುವುದಕ್ಕಲ್ಲ. ಪವರ್‌ಲಿಫ್ಟಿಂಗ್ ಬೆಲ್ಟ್ 10 ಸೆಂ.ಮೀ. ಅಗಲ, 13 ಮಿ.ಮೀ.ವರೆಗೆ ದಪ್ಪ ಇರುತ್ತದೆ. ಅದಕ್ಕೆ ತೂಕ ಕಟ್ಟಿದರೆ ಅಂಚು ಪಕ್ಕೆಗೂ ಸೊಂಟದ ಮೂಳೆಗೂ ಒತ್ತುತ್ತದೆ. ನಿಮಗೆ ಬೇಕಾದದ್ದು ಡಿಪ್ ಬೆಲ್ಟ್, ಅಂದರೆ ಮುಂದಿನ ರಿಂಗ್‌ಗಳಿಗೆ ಚೈನ್ ಸಿಕ್ಕಿಸಿ ತೂಕ ನೇತುಹಾಕುವ ಬೆಲ್ಟ್. ಹಾಗೇ ಹೆಸರು ಹೇಳಿ ಕೇಳಿ.

ಡಿಪ್ ಬೆಲ್ಟ್ ಹೊಟ್ಟೆಯ ಮೇಲೆ ಕೂರುವುದೂ ಅಲ್ಲ. ಹಿಂದಿನ ಅಗಲದ ಭಾಗ ನಡುವಿಗಿಂತ ಕೆಳಗೆ, ಕುಂಡೆಯ ಮೇಲ್ಭಾಗಕ್ಕೆ ಬರಬೇಕು. ಮುಂದೆ ಎರಡು ರಿಂಗ್ ತೊಡೆಸಂದಿನ ಹತ್ತಿರ ಇಳಿದಿರಬೇಕು. ಮೇಲೆ ಕಟ್ಟಿದರೆ ತೂಕ ಸೊಂಟದ ಬೆನ್ನುಮೂಳೆಯನ್ನು ಎಳೆಯುತ್ತದೆ, ಆಮೇಲೆ ಬೆಲ್ಟ್ ಸರಿ ಇಲ್ಲ ಅಂತ ಬೈಯುತ್ತಾರೆ.

ಈಗ ಲೆದರ್, ನೈಲಾನ್ ವಿಷಯ. ಒಣ ಊರಿನಲ್ಲಿ ಇದ್ದರೆ ನಾನು ಕಣ್ಣುಮುಚ್ಚಿ ಲೆದರ್ ಅನ್ನುತ್ತಿದ್ದೆ. ಹಿಗ್ಗುವುದಿಲ್ಲ, ವರ್ಷಗಟ್ಟಲೆ ಬರುತ್ತದೆ, 40-50 ಕೆಜಿ ಕಟ್ಟಿದರೂ ಮಡಚಿಕೊಳ್ಳುವುದಿಲ್ಲ. ಆದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಬೆವರು ಕುಡಿದ ಲೆದರ್ ಬಿಡುತ್ತದಾ? ಪ್ರತಿ ಸಲ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಗಾಳಿ ಆಡುವ ಕಡೆ ನೇತುಹಾಕುವ ತಾಳ್ಮೆ ಇದ್ದರೆ ಮಾತ್ರ ತೆಗೆದುಕೊಳ್ಳಿ. ಬಿಸಿಲಿಗೆ ಇಡಬೇಡಿ, ಬಿರಿಯುತ್ತದೆ. ನೈಲಾನ್ ಪಟ್ಟಿ, ಒಳಗೆ ತೆಳು ಪ್ಯಾಡ್ ಇರುವುದು ನಿಮಗೆ ಸಾಕು. ತೊಳೆಯಬಹುದು, ಒಣಗುತ್ತದೆ. ದಪ್ಪ ನಿಯೋಪ್ರಿನ್ ಮೆತ್ತಗಿರುತ್ತದೆ, ಸರಿ, ಆದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ವಾಸನೆ ಬರುತ್ತದೆ. ಭಾರ ಜಾಸ್ತಿಯಾದರೆ ಮಡಚಿಕೊಂಡು ಹಗ್ಗದ ಹಾಗೆ ಒತ್ತುವುದೂ ಉಂಟು.

ಜನ ಬಟ್ಟೆ ನೋಡುತ್ತಾರೆ, ಹೊಲಿಗೆ ನೋಡುವುದಿಲ್ಲ. ರಿಂಗ್ ಸಿಕ್ಕಿಸಿದ ಜಾಗದಲ್ಲಿ ಪಟ್ಟಿ ಮಡಚಿ ಚೌಕಾಕಾರಕ್ಕೆ ಹೊಲಿದು ನಡುವೆ ಅಡ್ಡಡ್ಡ ಗೀಟು ಹಾಕಿರಬೇಕು. ಬರೀ ಎರಡು ಸಾಲು ಹೊಲಿಗೆ ಇದ್ದರೆ ಅದನ್ನು ಬಿಡಿ. ಪಟ್ಟಿ ಪ್ಯಾಡಿನ ಹಿಂದೆ ಪೂರ್ತಿ ಸುತ್ತಿ ಬಂದಿದೆಯಾ, ಇಲ್ಲ ಎರಡು ತುದಿಗೆ ಮಾತ್ರ ಅಂಟಿಸಿದ್ದಾ, ಅದನ್ನೂ ನೋಡಿ. ಪೂರ್ತಿ ಸುತ್ತಿ ಬಂದಿದ್ದರೆ ಭಾರ ಪಟ್ಟಿಯ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಪ್ಯಾಡಿನ ಹೊಲಿಗೆಯೇ ಎಲ್ಲ ಹೊರಬೇಕು.

ಕಡಲ್_ಗಾಳಿ

ಮೇಲಿನವರು ಹೇಳಿದ್ದು ಎಲ್ಲ ಸರಿ. ಆದರೆ ನಮ್ಮಲ್ಲಿ ಬೆಲ್ಟಿಗಿಂತ ಮೊದಲು ಹಾಳಾಗುವುದು ಚೈನ್ ಮಾರಾಯ್ರೆ. ಬೆಲ್ಟ್ ಜೊತೆ ಕೊಡುವ ಹೊಳೆಯುವ ಚೈನ್ ಹೆಚ್ಚಾಗಿ ಮೇಲಿಂದ ಲೇಪ ಕೊಟ್ಟ ಮಾಮೂಲಿ ಕಬ್ಬಿಣ. ಕೊಂಡಿಗಳು ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಲೇಪ ಹೋಗುತ್ತದೆ, ಕಡಲಿನ ಉಪ್ಪು ಗಾಳಿ, ಅದರ ಮೇಲೆ ನಮ್ಮ ಬೆವರಿನ ಉಪ್ಪು, ತುಕ್ಕು ಶುರು. ಚಡ್ಡಿ ಮೇಲೆ ಕೆಂಪು ಕಲೆ ಬಿದ್ದರೆ ಒಗೆದರೂ ಹೋಗುವುದಿಲ್ಲ.

ನೀವು ಮಲ್ಪೆ ಹತ್ತಿರವೇ ಇದ್ದೀರಿ ಅಂತ ಕಾಣುತ್ತದೆ. ಬಂದರಿನ ಕಡೆ ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಸ್ಟೇನ್‌ಲೆಸ್ ಚೈನ್, ಶಾಕಲ್ (ಚೈನ್ ಜೋಡಿಸುವ U ಆಕಾರದ ಕೊಂಡಿ) ಕೇಳಿ ನೋಡಿ. 316 ಅನ್ನುವ ಗ್ರೇಡ್ ಸಿಕ್ಕಿದರೆ ಒಳ್ಳೆಯದು, ಅದರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪನ್ನು ಮಾಮೂಲಿ ಸ್ಟೇನ್‌ಲೆಸ್ ಗ್ರೇಡ್ ಆದ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಒಂದು ಅಯಸ್ಕಾಂತ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಗಟ್ಟಿಯಾಗಿ ಅಂಟಿದರೆ ಅದು ನಿಮಗೆ ಬೇಕಾದ ಸ್ಟೀಲ್ ಅಲ್ಲ. ಸ್ವಲ್ಪ ಎಳೆದ ಹಾಗೆ ಆದರೆ ಪರವಾಗಿಲ್ಲ.

ಉದ್ದ 80-90 ಸೆಂ.ಮೀ. ಸಾಕು. ತೀರಾ ಗಿಡ್ಡ ಮಾಡಿ ಪ್ಲೇಟನ್ನು ಹೊಟ್ಟೆಗೆ ಅಂಟಿಸಿಕೊಳ್ಳಬೇಡಿ. ಚೈನಿನ ಎರಡು ಕಡೆ ಅಗಲವಾಗಿ ಬಿಚ್ಚಿಕೊಂಡಷ್ಟೂ ರಿಂಗಿನ ಮೇಲೆ ಎಳೆತ ಜಾಸ್ತಿ. ಒಂದೊಂದು ಕಡೆ ನೇರ ಕೆಳಗಿಳಿಯುವ ಗೆರೆಯಿಂದ 60 ಡಿಗ್ರಿ ಓರೆಯಾದರೆ, 20 ಕೆಜಿ ಕಟ್ಟಿದ್ದಕ್ಕೆ ಒಂದೊಂದು ರಿಂಗೂ ಪೂರಾ 20 ಕೆಜಿ ಹೊರುತ್ತದೆ. ಹಾಗಂತ ಮೊಣಕಾಲಿಗೆ ಬಡಿಯುವಷ್ಟು ಉದ್ದವೂ ಬೇಡ. ಪ್ಲೇಟ್ ತೊಡೆಗಳ ನಡುವೆ ಬರಲಿ, ತೊಡೆಯಿಂದ ಒತ್ತಿ ಹಿಡಿದರೆ ಓಲಾಡುವುದಿಲ್ಲ.

ನಿಮ್ಮದು ಸಣ್ಣ ತೂತಿನ ಪ್ಲೇಟ್, ಅಂದರೆ 28 ಮಿ.ಮೀ. ಆಸುಪಾಸು. ದೊಡ್ಡ ಹುಕ್ ಅದರೊಳಗೆ ತೂರುವುದಿಲ್ಲ. ಹುಕ್ಕನ್ನು ಚೈನಿಗೇ ಖಾಯಂ ಸಿಕ್ಕಿಸಿರುವ ಬೆಲ್ಟ್ ತಂದರೆ ಅಲ್ಲೇ ಬಾಕಿ. ಚೈನಿನ ತುದಿ ಖಾಲಿ ಇರಬೇಕು, ಅದನ್ನು ತೂತಿನಿಂದ ದಾಟಿಸಿ ಆಮೇಲೆ ಹುಕ್ ಹಾಕಬೇಕು. 50 ಮಿ.ಮೀ. ತೂತಿನ ಪ್ಲೇಟಿಗೆ ಈ ರಗಳೆ ಇಲ್ಲ. ಹುಕ್ ಅಂದರೆ ಬೀಗದ ಕೈ ಗೊಂಚಲಿಗೆ ಹಾಕುವ ಬಣ್ಣದ ಅಲ್ಯೂಮಿನಿಯಂ ಹುಕ್ ಅಲ್ಲ. ಬಂಡೆ ಹತ್ತುವವರ ಕ್ಯಾರಬಿನರ್ ಮೇಲೆ ಎಷ್ಟು ಕಿಲೋನ್ಯೂಟನ್ ಅಂತ ಕೆತ್ತಿರುತ್ತಾರೆ. 1 ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ಭಾರ. ಏನೂ ಬರೆದಿಲ್ಲದ ಹುಕ್ ಬೇಡ.

ಸುಮ_ಕದ್ರಿ

ಅಳತೆಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನಂತೆ ಸಪೂರ ಇರುವವರಿಗೆ ಅದೇ ದೊಡ್ಡ ತೊಂದರೆ. ಪ್ಯಾಡ್ ನಿಮ್ಮ ಸೊಂಟದ ಸುತ್ತಳತೆಯಷ್ಟೇ ಉದ್ದ ಇದ್ದರೆ ಎರಡು ರಿಂಗ್ ಮುಂದೆ ಒಂದಕ್ಕೊಂದು ತಾಗುತ್ತದೆ, ಚೈನ್ ಬಿಗಿಯಲು ಜಾಗವೇ ಇರುವುದಿಲ್ಲ, ಬೆಲ್ಟ್ ಜಾರಿ ಕೆಳಗೆ ಬರುತ್ತದೆ. ಟೇಪ್ ಹಿಡಿದು ಸೊಂಟದ ಮೂಳೆಯ ಕೆಳಗೆ ಅಳೆಯಿರಿ, ಪ್ಯಾಂಟಿನ ಸೈಜ್ ನಂಬಬೇಡಿ. ಪ್ಯಾಡ್ ಹಿಂದೆ ಮತ್ತು ಎರಡು ಬದಿ ಮುಚ್ಚಿ, ಮುಂದೆ ಕನಿಷ್ಠ ಒಂದು ಗೇಣು ಬಿಟ್ಟಿರಬೇಕು. ನೈಲಾನಿನಲ್ಲಿ ಬಕಲ್ ಹಾಕಿ ಬಿಗಿ ಮಾಡುವಂಥದ್ದೂ ಬರುತ್ತದೆ, ಸಣ್ಣ ಸೊಂಟಕ್ಕೆ ಅದೇ ಒಳ್ಳೆಯದು. ಆದರೆ ಬಕಲ್ ಲೋಹದ್ದೇ ಇರಲಿ.

ತೂಕ ಏರಿಸುವುದಕ್ಕೆ ಅವಸರ ಬೇಡ. 70 ಕೆಜಿ ಇರುವವರಿಗೆ 5 ಕೆಜಿ ಅಂದರೇ ಶೇ. 7 ಜಾಸ್ತಿ ಆಯಿತು. 2.5 ಕೆಜಿಯಿಂದ ಶುರು ಮಾಡಿ. ಡಿಪ್ಸ್‌ನಲ್ಲಿ ಭುಜದಿಂದ ಮೊಣಕೈವರೆಗಿನ ತೋಳು ನೆಲಕ್ಕೆ ಸಮಾನಾಂತರ ಬಂದರೆ ಸಾಕು. ತೂಕ ಕಟ್ಟಿಕೊಂಡು ಅದಕ್ಕಿಂತ ಆಳಕ್ಕೆ ಬಿಟ್ಟರೆ ಭುಜದ ಮುಂಭಾಗಕ್ಕೆ ಬೀಳುತ್ತದೆ. ಮತ್ತೆ, ಬಾರ್‌ಗೆ ಹಾರಿ ಹಿಡಿಯುವುದು, ಮುಗಿದ ಮೇಲೆ ಮೇಲಿಂದ ಹಾರುವುದು ಎರಡೂ ಬೇಡ. ಒಂದು ಗಟ್ಟಿ ಸ್ಟೂಲ್ ಇಟ್ಟುಕೊಳ್ಳಿ.

ಮಲ್ಪೆ_ರೋಡ್

ಇಷ್ಟೆಲ್ಲ ಬರೆದಿರಲ್ಲ, ಎಲ್ಲರಿಗೂ ತುಂಬ ಥ್ಯಾಂಕ್ಸ್. ನೈಲಾನ್ ತೆಗೆದುಕೊಂಡು ಅದರ ಚೈನ್ ಬಿಚ್ಚಿ, ಬಂದರಿನಿಂದ ಸ್ಟೀಲ್ ಚೈನ್ ತಂದು ಹಾಕುತ್ತೇನೆ. ಸುಮಕ್ಕ, ಅಳತೆ ಹೇಳಿದ್ದು ಒಳ್ಳೆಯದಾಯಿತು, ನಾನು ಪ್ಯಾಂಟಿನ ಸೈಜ್ ನೋಡಿಯೇ ಆರ್ಡರ್ ಮಾಡುವುದರಲ್ಲಿದ್ದೆ. ಪ್ಲೇಟ್ ಬದಲು 20 ಲೀಟರಿನ ನೀರಿನ ಕ್ಯಾನ್ ಕಟ್ಟಬಹುದಾ?

ಬಂದರ್_ಹುಡುಗ

ಕ್ಯಾನ್ ಬೇಡ. ಅರ್ಧ ತುಂಬಿದರೆ ನೀರು ಒಳಗೆ ಕುಲುಕುತ್ತದೆ, ಪೂರ್ತಿ ತುಂಬಿದರೆ ತೊಡೆಗಳ ನಡುವೆ ಹಿಡಿಯುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಬಾರ್. ಬಾಗಿಲಿಗೆ ಸಿಕ್ಕಿಸುವ ಬಾರ್ ಅಂದಿರಿ. ಅದು ಎಷ್ಟು ಕೆಜಿ ಹೊರುತ್ತದೆ ಅಂತ ಅದರ ಮೇಲೆ ಬರೆದಿರುತ್ತದೆ, ಅದರಲ್ಲಿ ನಿಮ್ಮ 70 ಮೊದಲೇ ಕಳೆಯಿರಿ. ಎಳೆಯುವಾಗ ಬೀಳುವ ಜಗ್ಗು ಬೇರೆ. ತೂಕ ಕಟ್ಟಿದಾಗ ಚೌಕಟ್ಟು ಸಡಿಲವಾಗಿ ಬಾರ್ ಜಾರಿದರೆ ಪ್ಲೇಟ್ ಸಮೇತ ಬೀಳುತ್ತೀರಿ, ಕಾಲು ಊರಲಿಕ್ಕೂ ಜಾಗ ಇರುವುದಿಲ್ಲ. ಗೋಡೆಗೆ ಬೋಲ್ಟ್ ಹಾಕುವ ಬಾರ್ ತನ್ನಿ. ಆದರೆ ನಮ್ಮ ಮನೆಗಳು ಕೆಂಪು ಮುರಕಲ್ಲಿನವು, ಕಲ್ಲು ಮೃದು, ಒಳಗೆಲ್ಲ ತೂತು, ಆಂಕರ್ ಬೋಲ್ಟ್ ಗಟ್ಟಿ ಹಿಡಿಯುವುದಿಲ್ಲ. ಸಿಮೆಂಟ್ ಸಾರಣೆ ಮಾಡಿದ್ದರಿಂದ ಮೇಲಿಂದ ಗೊತ್ತಾಗುವುದೂ ಇಲ್ಲ. ಡ್ರಿಲ್ ಮಾಡುವಾಗ ಕೆಂಪು ಪುಡಿ ಬಂದರೆ ಅಲ್ಲಿ ನಿಲ್ಲಿಸಿ. ಕಾಂಕ್ರೀಟ್ ಬೀಮ್ ಇರುವ ಕಡೆ ಹುಡುಕಿ, ಅಲ್ಲಿಗೇ ಹಾಕಿಸಿ. ಬೀಮ್ ಇಲ್ಲದಿದ್ದರೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ, ಬುಡ ಅಗಲ ಇರಲಿ. ಬೆಲ್ಟ್ ಅದರ ನಂತರ ತೆಗೆದುಕೊಂಡರೂ ಆಗುತ್ತದೆ, ಅಲ್ಲಿಯವರೆಗೆ ಡಿಪ್ಸ್ ಸ್ಟ್ಯಾಂಡಿನಲ್ಲಿ ಬ್ಯಾಗಿಗೆ 5 ಕೆಜಿ ಹಾಕಿ ಮಾಡುತ್ತಿರಿ.